ಒಮಾನಿ ಮನೆಯಲ್ಲಿ ಕಾಫಿ ಸಾಕು ಅನ್ನೋದು ಹೇಗೆ?

ಮಸ್ಕತ್‌ನಲ್ಲಿ ಒಮಾನಿ ಸಹೋದ್ಯೋಗಿ ಮನೆಗೆ ಕರೆದಿದ್ದಾರೆ, ಕಾಫಿ ಸಾಕು ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಆದರೆ ಮೊದಲ ಕಪ್ಪನ್ನೇ ಬೇಡ ಅನ್ನಬೇಡಿ, ಅದು ಅವರ ಮನಸ್ಸಿಗೆ ನಾಟುತ್ತದೆ. ಒಂದಾದರೂ ಕುಡಿಯಿರಿ.

ಅಲ್ಲಿನ ಕಹ್ವಾ ನಮ್ಮ ಫಿಲ್ಟರ್ ಕಾಫಿಯಂತಲ್ಲ. ಹಾಲು, ಸಕ್ಕರೆ ಇಲ್ಲ, ಏಲಕ್ಕಿ ಘಮ ಜಾಸ್ತಿ. ಕಹಿ ಅನ್ನಿಸಿದರೆ ಜೊತೆಗಿಟ್ಟ ಖರ್ಜೂರ ಕಚ್ಚಿಕೊಳ್ಳಿ, ಅದು ಇರೋದೇ ಅದಕ್ಕೆ. ಹಿಡಿ ಇಲ್ಲದ ಪುಟ್ಟ ಕಪ್ಪಿನ ತಳದಲ್ಲಿ ಸ್ವಲ್ಪವೇ ಹಾಕುತ್ತಾರೆ. ಜಿಪುಣತನ ಅಂದುಕೊಳ್ಳಬೇಡಿ, ಬಿಸಿಬಿಸಿಯಾಗಿ ಮತ್ತೆ ಮತ್ತೆ ಬಡಿಸೋದೇ ಅಲ್ಲಿ ಮರ್ಯಾದೆ. ಬಲಗೈಯಲ್ಲೇ ತಗೊಳ್ಳಿ, ಬಲಗೈಯಲ್ಲೇ ವಾಪಸ್ ಕೊಡಿ.

ಸುಮ್ನೆ ಖಾಲಿ ಕಪ್ ಚಾಚಿದರೆ ಮತ್ತೆ ಸುರಿಯುತ್ತಾರೆ. ಸಾಕು ಅನ್ನಿಸಿದಾಗ ಕಪ್ಪನ್ನು ಬೆರಳುಗಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಎರಡು ಮೂರು ಸಲ ಮೆಲ್ಲಗೆ ಅಲ್ಲಾಡಿಸಿ ಕೊಡಿ. ಬಾಯಿ ಬಿಟ್ಟು ಹೇಳಲೇಬೇಕಿಲ್ಲ. ನನಗಂತೂ ಈ ಪದ್ಧತಿ ತುಂಬಾ ಇಷ್ಟ. ಒತ್ತಾಯ ಮಾಡುವ ಮುಜುಗರ ಅವರಿಗಿಲ್ಲ, ಬೇಡ ಅನ್ನುವ ಮುಜುಗರ ನಿಮಗಿಲ್ಲ. ಸೌದಿ, ಎಮಿರೇಟ್ಸ್, ಕತಾರ್‌ನಲ್ಲೂ ಹೀಗೇ. ಈ ನಾಲ್ಕೂ ದೇಶಗಳ ಅರಬ್ ಕಾಫಿ ಸಂಪ್ರದಾಯ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಚಪ್ಪಲಿ ಹೊರಗೆ ಬಿಡಿ. ಹೆಂಡತಿ ಜೊತೆಗಿದ್ದರೆ ಅವರನ್ನು ಹೆಂಗಸರು ಕೂರುವ ಕೋಣೆಗೆ ಕರೆದೊಯ್ಯಬಹುದು, ಗಾಬರಿ ಬೇಡ. ಕೇಸರಿ, ತುಪ್ಪ, ಗುಲಾಬಿ ನೀರು ಹಾಕಿದ ಒಮಾನಿ ಹಲ್ವಾ ಬಂದರೆ ಬಿಡಬೇಡಿ. ಕೊನೆಗೆ ಧೂಪದ ಹೊಗೆ ತಂದರೆ ಬಟ್ಟೆಗೆ ಸೋಕಿಸಿಕೊಳ್ಳಿ. ಸಾಮಾನ್ಯವಾಗಿ ಅದಾದ ಮೇಲೆ ಹೊರಡುವ ಹೊತ್ತು ಅಂತ ಲೆಕ್ಕ.