ಮಕ್ಕಂದೂರಿನ ಲೇಖಕಿಗೆ: ನಿಮ್ಮ ಹಾಯಿದೋಣಿಯ ಲೇಖನದ ಬಗ್ಗೆ

ನಮಸ್ಕಾರ.

ಪನಾಮಾದಿಂದ ಗುನಾ ಯಾಲಾ ದ್ವೀಪಗಳ ಮೂಲಕ ಕೊಲಂಬಿಯಾದ ಕಾರ್ಟಹೇನಾಕ್ಕೆ ಹಾಯಿದೋಣಿಯಲ್ಲಿ ಹೋದ ನಿಮ್ಮ ಪ್ರವಾಸ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ತಿದ್ದಿ ಬರೆದರೆ ಖಂಡಿತ ಪ್ರಕಟಿಸುತ್ತೇನೆ. ಈ ಪತ್ರ ಉದ್ದವಾದದ್ದು ಆ ಕಾರಣಕ್ಕೇ.

ವಿಮಾನ, ವೀಸಾ, ಚೀಲಕ್ಕೆ ತುಂಬಿದ ಸಾಮಾನು ಇವುಗಳ ಪುಟಗಳನ್ನು ಪೂರ್ತಿ ತೆಗೆಯಿರಿ. ಪಕ್ಕದ ದೇಶಕ್ಕೆ ಹೋಗಲು ಬಸ್ ಬಿಟ್ಟು ದೋಣಿ ಏಕೆ ಹತ್ತಿದಿರಿ ಎಂಬುದನ್ನು ಎಲ್ಲೂ ಹೇಳಿಲ್ಲ. ಅಲಾಸ್ಕಾದಿಂದ ಅರ್ಜೆಂಟೀನಾವರೆಗಿನ ಪ್ಯಾನ್ ಅಮೆರಿಕನ್ ಹೆದ್ದಾರಿ ಈ ಎರಡು ದೇಶಗಳ ಗಡಿಯ ದರಿಯೆನ್ ಕಾಡಿನಲ್ಲಿ ನಿಂತುಹೋಗುತ್ತದೆ, ಮುಂದೆ ಸುಮಾರು 100 ಕಿ.ಮೀ. ರಸ್ತೆಯೇ ಇಲ್ಲ. ವಿಮಾನ ಬೇಡವೆಂದವರಿಗೆ ಉಳಿಯುವುದು ಕಡಲು. ರೈಲೇ ಬಾರದ ನಮ್ಮ ಕೊಡಗಿನ ಓದುಗರಿಗೆ ಇಷ್ಟು ಹೇಳಿದರೆ ಸಾಕು, ಕಥೆಯೊಳಗೆ ಬಂದುಬಿಡುತ್ತಾರೆ.

ದ್ವೀಪಗಳ ವರ್ಣನೆಯಲ್ಲಿ ‘ಸ್ವರ್ಗ’, ‘ನೀಲಿ ನೀರು’, ‘ಬಿಳಿ ಮರಳು’ ಬಿಟ್ಟು ಬೇರೇನೂ ಕಾಣಲಿಲ್ಲ. ಆ ನೀಲಿಯನ್ನೇ ನಿಮ್ಮ ಕ್ಯಾಪ್ಟನ್ ಹೇಗೆ ನೋಡಿರಬೇಕು, ಯೋಚಿಸಿ. ಹವಳದ ದಿಬ್ಬಗಳ ನಡುವೆ ದೋಣಿ ನಡೆಸುವವರು ಬಿಸಿಲು ಮೇಲೇರುವವರೆಗೆ ಕಾಯುತ್ತಾರೆ. ಕಂದು ಕಂಡಲ್ಲಿ ಹವಳ, ತಿಳಿ ಹಸಿರು ಕಂಡಲ್ಲಿ ಮರಳಿನ ತಳ, ಕಡು ನೀಲಿ ಇದ್ದಲ್ಲಿ ಆಳ. ನಿಮಗೆ ಚೆಂದವಾಗಿ ಕಂಡ ಬಣ್ಣ ಅವರಿಗೆ ದಾರಿ. ಇಂಥದ್ದನ್ನು ಬರೆಯಿರಿ.

ಉಳಿದ ದ್ವೀಪಗಳನ್ನು ಬಿಟ್ಟು ಎರಡನ್ನೇ ಇಟ್ಟುಕೊಳ್ಳಿ. ಮೊದಲನೆಯದು ತೆಂಗಿನಕಾಯಿಯ ದ್ವೀಪ. ‘ಬಿದ್ದಿದ್ದ ಕಾಯಿ ಎತ್ತಿಕೊಂಡೆವು, ದೋಣಿಯಲ್ಲಿ ಬಂದ ಅಜ್ಜಿಯೊಬ್ಬರು ಏನೂ ಹೇಳದೆ ನೋಡುತ್ತ ನಿಂತರು’ ಎಂದು ಬರೆದು ಮುಂದೆ ಸಾಗಿದ್ದೀರಿ. ಇಡೀ ಲೇಖನದಲ್ಲಿ ನಾನು ತಡೆದು ನಿಂತದ್ದು ಅಲ್ಲೊಂದೇ ಕಡೆ. ಅಲ್ಲಿನ ಮೂಲನಿವಾಸಿಗಳಾದ ಗುನಾ ಜನರ ದ್ವೀಪಗಳಲ್ಲಿ ಯಾರೂ ವಾಸವಿಲ್ಲದಿದ್ದರೂ ತೆಂಗಿನ ಮರಕ್ಕೆ ಒಡೆಯರಿದ್ದಾರೆ. ಕೊಲಂಬಿಯಾದ ವ್ಯಾಪಾರದ ದೋಣಿಗಳಿಗೆ ಕಾಯಿ ಮಾರಿ ಬದುಕಿದವರು ಅವರು, ಒಂದು ಕಾಲಕ್ಕೆ ಕಾಯಿಯೇ ಹಣವಾಗಿ ನಡೆಯುತ್ತಿತ್ತು. ರಸ್ತೆಬದಿಯ ತೋಟಕ್ಕೆ ಇಳಿದು ಕಿತ್ತಳೆ ಕೀಳುವ ಪ್ರವಾಸಿಗರನ್ನು ಕಂಡಾಗ ನಮ್ಮ ಹೊಟ್ಟೆಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಅಜ್ಜಿಯ ಎದುರು ನೀವೂ ಪ್ರವಾಸಿಗರಾಗಿ ನಿಂತಿದ್ದಿರಿ. ಕಾಯಿ ಎತ್ತಿದ ಕೈ ಯಾರದು, ಆಮೇಲೆ ಅದನ್ನು ಏನು ಮಾಡಿದಿರಿ, ಎಲ್ಲವನ್ನೂ ಬರೆಯಿರಿ.

ಎರಡನೆಯದು ಗಾರ್ದಿ ಸುಗ್ದುಬ್ ದ್ವೀಪ. ‘ಮನೆಗಳು ಒತ್ತೊತ್ತಾಗಿದ್ದವು’ ಎಂದಷ್ಟೇ ಬರೆದು ದಾಟಿದ್ದೀರಿ. ಏರುತ್ತಿರುವ ಕಡಲಿಗೆ ಹೆದರಿ ಆ ದ್ವೀಪದ ಸುಮಾರು 300 ಕುಟುಂಬಗಳಿಗೆ ಒಳನಾಡಿನಲ್ಲಿ ಸರ್ಕಾರ ಕಟ್ಟಿಸಿದ ಮನೆಗಳು ಸಿಕ್ಕಿದ್ದು 2024ರ ಜೂನ್‌ನಲ್ಲಿ. ಕೆಲವರು ದ್ವೀಪದಲ್ಲೇ ಉಳಿದರು. ನೀವು ಮಕ್ಕಂದೂರಿನವರು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಮೇಲೆ ಪುನರ್ವಸತಿಯ ಸಾಲುಮನೆಗೆ ಹೋದವರನ್ನೂ ಹೋಗಲು ಒಪ್ಪದವರನ್ನೂ ಹತ್ತಿರದಿಂದ ಕಂಡವರು. ಆ ದ್ವೀಪದ ಬಗ್ಗೆ ನಿಮ್ಮಷ್ಟು ಹಕ್ಕಿನಿಂದ ಕನ್ನಡದಲ್ಲಿ ಬರೆಯಬಲ್ಲವರು ಹೆಚ್ಚು ಜನ ಇರಲಾರರು. ಒಂದು ಪುಟವಾದರೂ ಬೇಕು. ಬರೆಯಲು ಕಷ್ಟವಾದರೆ ಹೊತ್ತು ತೆಗೆದುಕೊಳ್ಳಿ, ನಾನು ಕಾಯುತ್ತೇನೆ.

ಕೊನೆಯ ತೆರೆದ ಕಡಲಿನ ಹಾದಿಯನ್ನು ‘ರಾತ್ರಿಯಿಡೀ ವಾಂತಿ, ಆಮೇಲೆ ಕಾರ್ಟಹೇನಾ’ ಎಂದು ಮುಗಿಸಿದ್ದೀರಿ. ಒಂದೂವರೆ ದಿನ ನೆಲ ಕಾಣದ ಹಾದಿ ಅದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಈಶಾನ್ಯದ ಗಾಳಿ ಜೋರು, ನೀವು ಹೋದದ್ದು ಜನವರಿಯಲ್ಲಿ. ಏನನ್ನು ಹಿಡಿದು ಕೂತಿದ್ದಿರಿ? ಒಳಗೆ ಮಲಗಲಾಯಿತೇ? ನೀರು ಕೊಟ್ಟವರು ಯಾರು? ಕತ್ತಲಲ್ಲಿ ಚುಕ್ಕಾಣಿ ಹಿಡಿದವರ ಮುಖದಲ್ಲಿ ಭಯ ಕಂಡಿತೇ? ಭಾಷೆ ತಾನಾಗಿ ಬರುತ್ತದೆ, ಅಲಂಕಾರ ಹುಡುಕಬೇಡಿ.

1925ರ ಗುನಾ ದಂಗೆಯ ಬಗೆಗಿನ ಪ್ಯಾರಾ ಎಲ್ಲಿಂದಲೋ ಎತ್ತಿದಂತಿದೆ. ಹೆಂಗಸರು ಮೋಲಾ ಕುಪ್ಪಸ ತೊಡುವುದಕ್ಕೂ ಪನಾಮಾ ಸರ್ಕಾರ ಅಡ್ಡಿಮಾಡಿದ್ದಕ್ಕೆ ಜನ ಎದ್ದರು ಎಂದು ನಿಮ್ಮದೇ ಮಾತಿನಲ್ಲಿ ಹೇಳಿ, ಸಾಕು.

ಇನ್ನು ಮೋಲಾ ತೊಟ್ಟ ಹೆಂಗಸಿನ ಫೋಟೋ ಕಳಿಸಿದ್ದೀರಿ. ಅವರನ್ನು ಕೇಳಿ ತೆಗೆದದ್ದೇ? ಹೌದಾದರೆ ಒಂದು ಸಾಲು ಬರೆದು ತಿಳಿಸಿ. ಅಲ್ಲವಾದರೆ ಅದನ್ನು ಬಿಟ್ಟು ದೋಣಿಯ ಚಿತ್ರ ಹಾಕೋಣ.