ಎಂಟನೇ ತಿಂಗಳಲ್ಲೇ ಹೊಟ್ಟೆ ಬಿಗಿಯುತ್ತಿದೆ, ಇದು ಸುಳ್ಳು ನೋವಾ?

ಪ್ರಶ್ನೆ: ನನಗೆ 27 ವರ್ಷ. ಮೊದಲ ಬಸುರಿ, ಈಗ 31 ವಾರ. ಸಂಜೆ ಹೊತ್ತು ಹೊಟ್ಟೆ ಗಟ್ಟಿಯಾಗಿ, ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ನೋವು ಅಷ್ಟಾಗಿ ಇಲ್ಲ. ನಮ್ಮತ್ತೆ, 'ಜೀರಿಗೆ ಕಷಾಯ ಕುಡಿ, ಸುಳ್ಳು ನೋವಾದರೆ ನಿಲ್ಲುತ್ತೆ, ನಿಜವಾದರೆ ಜಾಸ್ತಿಯಾಗುತ್ತೆ' ಅಂದರು. ಕುಡಿದೆ, ನಿಂತಿತು. ಹಾಗಾದರೆ ಹೆದರಬೇಕಿಲ್ಲ ಅಲ್ವಾ? ದೊಡ್ಡಾಸ್ಪತ್ರೆ ನಮ್ಮೂರಿಂದ ಒಂದೂವರೆ ಗಂಟೆ ದಾರಿ.
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಸುಳ್ಳು ನೋವೇ ಇರಬಹುದು. ವೈದ್ಯರು ಇದನ್ನು ಬ್ರಾಕ್ಸ್‌ಟನ್ ಹಿಕ್ಸ್ ಅನ್ನುತ್ತಾರೆ. ಸುಸ್ತಾದಾಗ, ನೀರು ಕಡಿಮೆ ಕುಡಿದಾಗ, ಮೂತ್ರ ತಡೆದುಕೊಂಡಾಗ ಗರ್ಭಕೋಶ ಹೀಗೆ ಬಿಗಿದು ಬಿಡುತ್ತದೆ. ಕಷಾಯ ಕುಡಿದಾಗ ಒಂದು ಲೋಟ ನೀರೂ ಒಳಗೆ ಹೋಯಿತು, ನೀವೂ ಒಂದು ಕಡೆ ಕೂತಿರಿ. ನಿಂತಿದ್ದು ಅದರಿಂದಲೂ ಇರಬಹುದು.

ಆದರೆ ಕಷಾಯವನ್ನು ಪರೀಕ್ಷೆ ಅಂದುಕೊಳ್ಳಬೇಡಿ. ದಿನ ತುಂಬಿದವರು ನೋವು ಸುಳ್ಳಾ ನಿಜಾನಾ ಅಂತ ಕಾದು ನೋಡಿದರೆ ಅಷ್ಟು ತೊಂದರೆಯಿಲ್ಲ. 37 ವಾರಕ್ಕೆ ಮೊದಲು ಆ ಕಾಯುವ ಹೊತ್ತೇ ದುಬಾರಿ.

ಮತ್ತೆ ಬಿಗಿದರೆ ಹೀಗೆ ಮಾಡಿ. ಮೂತ್ರಕ್ಕೆ ಹೋಗಿ ಬನ್ನಿ, ಎರಡು ಲೋಟ ನೀರು ಕುಡಿದು ಎಡಮಗ್ಗುಲಿಗೆ ಮಲಗಿ. ಅಂಗೈ ಹೊಟ್ಟೆ ಮೇಲಿರಲಿ. ಪ್ರತಿ ಸಲ ಬಿಗಿಯಲು ಶುರುವಾದ ಹೊತ್ತನ್ನು ಮೊಬೈಲಿನಲ್ಲಿ ಬರೆದಿಡಿ. ಗಂಟೆಗೆ ನಾಲ್ಕು ಸಲ ಅಥವಾ ಜಾಸ್ತಿ ಬಿಗಿದರೆ, ನೋವಿಲ್ಲದಿದ್ದರೂ ಹೊರಡಿ. ನೀರು ಹೋದರೆ, ರಕ್ತ ಕಂಡರೆ, ಕೆಳಗೆ ಒತ್ತಿದಂತಾದರೆ, ಸೊಂಟ ನೋವು ಬಿಟ್ಟು ಬಿಟ್ಟು ಬಂದರೆ ಅಥವಾ ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಎಣಿಸುತ್ತಾ ಕೂರಲೇಬೇಡಿ.

ಆಸ್ಪತ್ರೆಯಲ್ಲಿ ಒಳಗಿನಿಂದ ಸ್ಕ್ಯಾನ್ ಮಾಡಿ ಗರ್ಭಕೋಶದ ಬಾಯಿಯ ಉದ್ದ ನೋಡುತ್ತಾರೆ. 30 ಮಿಲಿಮೀಟರಿಗಿಂತ ಉದ್ದ ಇದ್ದರೆ ಈಗಲೇ ಹೆರಿಗೆಯಾಗುವುದು ಅಪರೂಪ. ಮೂತ್ರ ಪರೀಕ್ಷೆಯೂ ಇರುತ್ತದೆ, ಯಾಕೆಂದರೆ ಉರಿಯಿಲ್ಲದ ಮೂತ್ರದ ಸೋಂಕೂ ನೋವು ಎಬ್ಬಿಸಬಹುದು.

ನಿಜವಾದ ನೋವೇ ಆದರೆ? ನಿಫೆಡಿಪಿನ್ ಮಾತ್ರೆ ಕೊಡುತ್ತಾರೆ. ಅದು ಹೆರಿಗೆಯನ್ನು ತಿಂಗಳುಗಟ್ಟಲೆ ಮುಂದೂಡುವುದಿಲ್ಲ, ಸುಮಾರು 48 ಗಂಟೆ ಗಳಿಸಿಕೊಡುತ್ತದೆ. ಆ ಎರಡು ದಿನದಲ್ಲೇ ಇರುವುದು ಎಲ್ಲ. ಮಗುವಿನ ಶ್ವಾಸಕೋಶ ಬಲಿಯಲು ನಿಮಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ. 6 ಮಿಲಿಗ್ರಾಂ, 12 ಗಂಟೆಗೊಂದು, ಒಟ್ಟು ನಾಲ್ಕು. 'ಸ್ಟಿರಾಯ್ಡಾ? ಬೇಡ' ಅಂತ ಮನೆಯವರು ತಕರಾರು ಮಾಡುವುದು ಇಲ್ಲೇ. ದಯವಿಟ್ಟು ಬೇಡ ಅನ್ನಬೇಡಿ. ಬೇಗ ಹುಟ್ಟುವ ಮಗುವಿಗೆ ಇಷ್ಟು ನೆರವಾಗುವ ಔಷಧಿ ಬೇರೆ ಕಡಿಮೆ. 32 ವಾರ ಆಗದೆ ಹೆರಿಗೆ ಹತ್ತಿರವಾದರೆ, ಮಗುವಿನ ಮಿದುಳಿನ ರಕ್ಷಣೆಗೆ ಮೆಗ್ನೀಷಿಯಂ ಸಲ್ಫೇಟ್ ಕೂಡ ಉಂಟು. ಹೀಗೆ ದಾಖಲಾದವರಲ್ಲಿ ಎಷ್ಟೋ ಜನ ಮನೆಗೆ ವಾಪಸ್ಸಾಗಿ ದಿನ ತುಂಬಿಯೇ ಹೆರುತ್ತಾರೆ.

ನಿಫೆಡಿಪಿನ್ ಬಿಪಿ ಇಳಿಸುವ ಮಾತ್ರೆ. ಪಕ್ಕದ ಮನೆಯಾಕೆಗೆ ಬರೆದದ್ದನ್ನು ನೀವು ನುಂಗಬೇಡಿ. ಸುಮ್ನೆ ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ಬೇಡ. ಅದರಿಂದ ಹೆರಿಗೆ ಮುಂದಕ್ಕೆ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

'ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಈಗ ನಿಂತಿದ್ದರೂ ಈ ವಾರವೇ ನಿಮ್ಮ ವೈದ್ಯರಿಗೆ ತೋರಿಸಿ. ನವಜಾತ ಶಿಶುಗಳ ಘಟಕ ಇರುವ ಆಸ್ಪತ್ರೆ ಯಾವುದು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಮಗು ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ಅಲ್ಲಿಗೆ ತಲುಪುವುದು ಕ್ಷೇಮ. ತಾಯಿ ಕಾರ್ಡ್ ಮತ್ತು ಸ್ಕ್ಯಾನ್ ವರದಿ ಒಂದೇ ಚೀಲದಲ್ಲಿರಲಿ. ರಾತ್ರಿ ಹೊತ್ತು ನೋವು ಬಂದರೆ ಬೆಳಗಾಗಲಿ ಅನ್ನದೆ 108ಕ್ಕೆ ಕರೆ ಮಾಡಿ.