ಓದುಗರ ಪ್ರಶ್ನೆ: ಬೆಟ್ಟ ಹತ್ತುವ ಕಾಲಿಗೆ ಕಸುವು ಎಲ್ಲಿಂದ?

ಪ್ರಶ್ನೆ: ಪ್ರತಿ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ನನಗೆ 41 ವರ್ಷ, ತೂಕ 60 ಕಿಲೊ. ಮೊದಲ ಐವತ್ತು ಅರವತ್ತು ಮೆಟ್ಟಿಲು ಗೊತ್ತೇ ಆಗುವುದಿಲ್ಲ. ಆಮೇಲೆ ತೊಡೆ ಉರಿಯುತ್ತದೆ, ಏದುಸಿರು ಬರುತ್ತದೆ. ಒಂದೆರಡು ನಿಮಿಷ ನಿಂತು ನಿಧಾನವಾಗಿ ಮುಂದುವರಿದರೆ ಆ ಕಷ್ಟ ಇಳಿದು, ತುದಿಯವರೆಗೂ ಹೋಗಬಲ್ಲೆ. ಆದರೆ ಮಂಗಳವಾರದ ಹೊತ್ತಿಗೆ ತೊಡೆ ಹಿಡಿದುಕೊಂಡಿರುತ್ತದೆ. ಲ್ಯಾಕ್ಟಿಕ್ ಆಮ್ಲ ಕಾಲಿನಲ್ಲೇ ಉಳಿದುಬಿಟ್ಟಿದೆ ಎಂದು ಜೊತೆಗೆ ಬರುವವರು ಹೇಳುತ್ತಾರೆ. ನಿಜವೇ?
— ಓದುಗರು, ಮೈಸೂರು

ಉತ್ತರ: ನಿಜವಲ್ಲ. ಭಾನುವಾರದ ಉರಿಗೂ ಮಂಗಳವಾರದ ನೋವಿಗೂ ಕಾರಣಗಳು ಬೇರೆ ಬೇರೆ.

ಸ್ನಾಯು ನೇರವಾಗಿ ಬಳಸಿಕೊಳ್ಳಬಲ್ಲ ಶಕ್ತಿಯ ರೂಪ ಒಂದೇ, ಅದು ಎಟಿಪಿ ಎಂಬ ಅಣು. ನೀವು ಉಂಡ ಮುದ್ದೆಯಾಗಲಿ, ಅನ್ನವಾಗಲಿ, ಮೈಯಲ್ಲಿ ಕೂಡಿಟ್ಟ ಕೊಬ್ಬಾಗಲಿ, ಎಲ್ಲವೂ ಖರ್ಚಾದ ಎಟಿಪಿಯನ್ನು ಮತ್ತೆ ಮತ್ತೆ ಕಟ್ಟಿಕೊಡುವುದಕ್ಕೆ ಬೇಕಾದ ಸಾಮಗ್ರಿಗಳು. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಬಿರುಸಿನ ಕೆಲಸಕ್ಕೆ ಎರಡು ಮೂರು ಸೆಕೆಂಡಿಗಷ್ಟೇ ಸಾಕು. ಅದು ಕರಗುತ್ತಿದ್ದಂತೆಯೇ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ವಸ್ತು ನೆರವಿಗೆ ಬಂದು, ಪೂರ್ಣ ವೇಗದ ಓಟವಾದರೆ ಸುಮಾರು ಹತ್ತು ಸೆಕೆಂಡುಗಳವರೆಗೆ ಕೈಹಿಡಿಯುತ್ತದೆ. ಈ ವಸ್ತುವನ್ನು 1927ರಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ ಗುರುತಿಸಿದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ನಮ್ಮ ಶಾಲೆಯ ಮಕ್ಕಳಿಗೆ ಅವರ ಹೆಸರು ಇನ್ನೂ ಚೆನ್ನಾಗಿ ಪರಿಚಯವಾಗಬೇಕು ಎಂಬುದು ನನ್ನ ಬಹುದಿನದ ಆಸೆ.

ನಿಮ್ಮ ಮೊದಲ ಮೆಟ್ಟಿಲುಗಳು ಹಗುರವೆನಿಸುವುದು ಈ ಸಿದ್ಧ ದಾಸ್ತಾನಿನಿಂದ. ಅಲ್ಲಿಂದ ಮುಂದೆ ಆಮ್ಲಜನಕ ಬೇಕು. ಆದರೆ ಹೃದಯವೂ ಶ್ವಾಸಕೋಶಗಳೂ ನಿಂತ ನಿಲುವಿನಲ್ಲಿ ವೇಗ ಹೆಚ್ಚಿಸಿಕೊಳ್ಳಲಾರವು. ಹೊಸ ಬೇಡಿಕೆಯ ಮಟ್ಟಕ್ಕೆ ಏರಲು ಅವುಗಳಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಈ ನಡುವಿನ ಅವಧಿಯಲ್ಲಿ ಸ್ನಾಯು ತನ್ನೊಳಗೆ ಗ್ಲೈಕೋಜೆನ್ ರೂಪದಲ್ಲಿ ಇಟ್ಟುಕೊಂಡಿರುವ ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಅರ್ಧಕ್ಕೆ ಒಡೆದು ಕೆಲಸ ಸಾಗಿಸುತ್ತದೆ. ಈ ದಾರಿ ಬಲು ವೇಗದ್ದು, ಆದರೆ ದುಬಾರಿ: ಆಮ್ಲಜನಕದೊಂದಿಗೆ ಪೂರ್ಣವಾಗಿ ಉರಿದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗಬೇಕಾದಲ್ಲಿ ಇಲ್ಲಿ ನಿವ್ವಳವಾಗಿ ಸಿಗುವುದು 2 ಅಥವಾ 3 ಮಾತ್ರ. ಜೊತೆಗೆ ಲ್ಯಾಕ್ಟೇಟ್ (ನಿಮ್ಮ ಜೊತೆಗಾರರು ಲ್ಯಾಕ್ಟಿಕ್ ಆಮ್ಲ ಎನ್ನುವುದು ಇದನ್ನೇ) ಹುಟ್ಟುತ್ತದೆ, ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ, ತೊಡೆ ಉರಿಯುತ್ತದೆ. ನೀವು ನಿಂತು ಸುಧಾರಿಸಿಕೊಂಡು ನಿಧಾನಗೊಳಿಸಿದಾಗ ಬೇಡಿಕೆ ತಗ್ಗುತ್ತದೆ, ಅಷ್ಟರಲ್ಲಿ ಆಮ್ಲಜನಕದ ಪೂರೈಕೆಯೂ ಸಾಕಷ್ಟಾಗಿರುತ್ತದೆ. ಕಷ್ಟ ತಾನಾಗಿಯೇ ಇಳಿದಂತೆ ನಿಮಗೆ ಕಾಣುವುದು ಇದೇ.

ಲ್ಯಾಕ್ಟೇಟನ್ನು ಕೊಳೆಯೆಂದೋ ವಿಷವೆಂದೋ ಭಾವಿಸುವುದು ಅದಕ್ಕೆ ಮಾಡುವ ಅನ್ಯಾಯ. ಅದು ರಕ್ತದಲ್ಲಿ ಸಾಗಿ ಹೃದಯದ ಸ್ನಾಯುವಿಗೆ ಇಂಧನವಾಗುತ್ತದೆ. ಯಕೃತ್ತು ಅದನ್ನು ಮರಳಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಈ ಚಕ್ರವನ್ನು ಕಂಡುಹಿಡಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗೆ ಗ್ಲೈಕೋಜೆನ್ ಕುರಿತ ಸಂಶೋಧನೆಗಾಗಿ 1947ರಲ್ಲಿ ನೊಬೆಲ್ ಬಹುಮಾನ ಬಂದಿತು. ವ್ಯಾಯಾಮ ಮುಗಿದ ಸುಮಾರು ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಹೀಗಿರುವಾಗ ಅದು ಮಂಗಳವಾರದವರೆಗೆ ತೊಡೆಯಲ್ಲಿ ಉಳಿಯುವ ಮಾತೆಲ್ಲಿ?

ಮಂಗಳವಾರದ ನೋವಿನ ಮೂಲವನ್ನು ನೀವು ಹತ್ತಿದ ಮೆಟ್ಟಿಲುಗಳಿಗಿಂತ ಇಳಿದ ಮೆಟ್ಟಿಲುಗಳಲ್ಲಿ ಹುಡುಕಬೇಕು. ಇಳಿಯುವಾಗ ಮೈಯ ಭಾರವನ್ನು ತಡೆಹಿಡಿಯುತ್ತ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿರುವಂತೆಯೇ ಉದ್ದವಾಗುತ್ತ ಹೋಗುತ್ತದೆ. ಈ ಎಳೆತದಲ್ಲಿ ಅದರ ನಾರುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗಿ, ಅವು ದುರಸ್ತಿಯಾಗುವ ಒಂದೆರಡು ದಿನಗಳಲ್ಲಿ ನೋವು ಗರಿಷ್ಠಕ್ಕೆ ಏರುತ್ತದೆ. ವಾರದಲ್ಲಿ ಇನ್ನೊಂದು ದಿನ ಸ್ವಲ್ಪ ದೂರವಾದರೂ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿದರೆ ಈ ನೋವು ಕಡಿಮೆಯಾಗುತ್ತ ಬರುತ್ತದೆ.

ಲೆಕ್ಕ ಕೇಳುವ ಓದುಗರಿಗಾಗಿ ಒಂದು ಮಾತು. ಮೆಟ್ಟಿಲುಗಳು ಸಾವಿರದಷ್ಟಿವೆ; ಒಂದೊಂದಕ್ಕೆ 20 ಸೆಂಟಿಮೀಟರ್ ಎಂದು ಹಿಡಿದರೆ 60 ಕಿಲೊ ತೂಕದ ನೀವು 200 ಮೀಟರ್ ಮೇಲೇರಿದಂತಾಯಿತು. ಅದಕ್ಕೆ ಬೇಕಾದ ಯಾಂತ್ರಿಕ ಶಕ್ತಿ 28 ಕಿಲೊಕ್ಯಾಲೊರಿ ಮಾತ್ರ. ಆದರೆ ಸ್ನಾಯು ತಾನು ಪಡೆದ ಶಕ್ತಿಯಲ್ಲಿ ಕಾಲುಭಾಗದಷ್ಟನ್ನೇ ಕೆಲಸವಾಗಿಸಬಲ್ಲದು. ಆದ್ದರಿಂದ ಒಟ್ಟು ಖರ್ಚು ಸುಮಾರು 110 ಕಿಲೊಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಎರಡು ಇಡ್ಲಿಯಷ್ಟು. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಆ ಶಾಖವನ್ನೆಲ್ಲ ಬೆವರಿನಿಂದಲೇ ಹೊರಹಾಕಬೇಕಾದರೆ ಸುಮಾರು 140 ಮಿಲಿಲೀಟರ್ ಬೆವರು ಆರಬೇಕು. ತುದಿ ತಲಪಿದಾಗ ನಿಮ್ಮ ಅಂಗಿಯ ಬೆನ್ನು ಒದ್ದೆಯಾಗಿರುವುದಕ್ಕೆ ಇದೇ ಕಾರಣ.

ಖಾಲಿ ಹೊಟ್ಟೆಯಲ್ಲಿ ಹತ್ತಿದರೂ ಆರೋಗ್ಯವಂತರಿಗೆ ಇಂಧನ ಸಾಲದೆ ಹೋಗುವುದಿಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಸೇರಿ ಸುಮಾರು 500 ಗ್ರಾಂ ಗ್ಲೈಕೋಜೆನ್, ಅಂದರೆ 2,000 ಕಿಲೊಕ್ಯಾಲೊರಿಯಷ್ಟು ಇರುತ್ತದೆ. ಕೊಬ್ಬಿನ ದಾಸ್ತಾನಂತೂ ಅದರ ಹತ್ತಾರು ಪಟ್ಟು. ಕೊಬ್ಬು ಉರಿಯುವುದು ನಿಧಾನ, ಆಮ್ಲಜನಕವನ್ನೂ ಹೆಚ್ಚು ಬೇಡುತ್ತದೆ. ಆದ್ದರಿಂದ ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯ ಕಡೆಗೆ, ವೇಗ ತಗ್ಗಿದಷ್ಟೂ ಕೊಬ್ಬಿನ ಕಡೆಗೆ ವಾಲುತ್ತದೆ. ಎರಡೂ ಸದಾ ಒಟ್ಟಿಗೇ ಉರಿಯುತ್ತಿರುತ್ತವೆ, ಬದಲಾಗುವುದು ಪ್ರಮಾಣ. ಮೆಟ್ಟಿಲಿಗೆ ಕಾಲಿಡುವ ಮುನ್ನ ಐದು ನಿಮಿಷ ಸಮತಟ್ಟಿನಲ್ಲಿ ನಡೆಯಿರಿ, ಮೊದಲ ನೂರು ಮೆಟ್ಟಿಲನ್ನು ಬೇಕೆಂದೇ ನಿಧಾನವಾಗಿ ಹತ್ತಿರಿ. ಉರಿ ಬಹುಮಟ್ಟಿಗೆ ತಪ್ಪುತ್ತದೆ. ಎದೆ ಬಿಗಿತ ಅಥವಾ ತಲೆಸುತ್ತು ಕಾಣಿಸಿಕೊಂಡರೆ ಮಾತ್ರ ಅದನ್ನು ಸುಸ್ತೆಂದು ತಳ್ಳಿಹಾಕದೆ ಅಲ್ಲೇ ನಿಂತು ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಮ್ಮ ತಂದೆಯವರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಬೆಳಗಿನ ನಡಿಗೆಯ ನಂತರ ಒಮ್ಮೊಮ್ಮೆ ಕೈ ನಡುಗುತ್ತದೆ ಎನ್ನುತ್ತಾರೆ. ನಡಿಗೆ ನಿಲ್ಲಿಸಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ನಡಿಗೆ ಅವರಿಗೆ ಬೇಕು, ನಿಲ್ಲಿಸುವುದು ಬೇಡ. ಕೆಲಸದಲ್ಲಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ತಾನೇ ಎಳೆದುಕೊಳ್ಳಬಲ್ಲದು. ಇದರ ಮೇಲೆ ಚುಚ್ಚಿಕೊಂಡ ಇನ್ಸುಲಿನ್ನಿನ ಪರಿಣಾಮವೂ ಸೇರಿದಾಗ ಸಕ್ಕರೆಯ ಮಟ್ಟ ತೀರಾ ಕೆಳಗಿಳಿಯಬಹುದು. ನಡುಕ ಅದರ ಸೂಚನೆಯಾಗಿರಬಹುದು. ಇನ್ನೊಂದು ಸೂಚನೆಯಾದ ತಣ್ಣನೆಯ ಬೆವರು ನಡಿಗೆಯ ಬೆವರಿನಲ್ಲಿ ಮರೆಯಾಗಿಬಿಡುವುದರಿಂದ ಎಚ್ಚರ ಹೆಚ್ಚು ಬೇಕು. ನಡಿಗೆಯ ಮುಂಚೆ ಮತ್ತು ನಂತರ ಸಕ್ಕರೆಯ ಮಟ್ಟ ನೋಡಿ ಬರೆದಿಟ್ಟು ಅವರ ವೈದ್ಯರಿಗೆ ತೋರಿಸಿ. ಔಷಧದ ಪ್ರಮಾಣವನ್ನೋ ಸಮಯವನ್ನೋ ಬದಲಿಸುವ ನಿರ್ಧಾರ ವೈದ್ಯರದು. ಅಲ್ಲಿಯವರೆಗೆ ತಂದೆಯವರು ಒಬ್ಬರೇ ಹೋಗುವುದು ಬೇಡ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ನಡುಕ ಬಂದ ಕೂಡಲೇ ಕುಳಿತು, ಮೂರು ಟೀ ಚಮಚದಷ್ಟನ್ನು ನೀರಿಗೆ ಬೆರೆಸಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಲಿ. ಮಟ್ಟ ಏರಿದ್ದರೂ ಆ ದಿನದ ನಡಿಗೆ ಅಲ್ಲಿಗೆ ಸಾಕು. ಮನೆಗೆ ಬಂದು ತಿಂಡಿ ತಿನ್ನಲಿ.